ಮಗುವಿನ ಆಪರೇಷನ್‌ಗೆ ರಕ್ತ ಹೊಂದಿಸುವುದು ಹೇಗೆ? ಕೊಡಗಿನ ಅಪ್ಪ-ಅಮ್ಮಂದಿರಿಗೆ ಒಂದು ಮಾರ್ಗದರ್ಶಿ

"ಮುಂದಿನ ತಿಂಗಳು ಮಗನಿಗೆ ಮೈಸೂರಲ್ಲಿ ಆಪರೇಷನ್. ಎರಡು ಬಾಟಲ್ ರಕ್ತ ರೆಡಿ ಇಟ್ಕೊಳ್ಳಿ ಅಂದಿದ್ದಾರೆ. ಈಗ ಏನು ಮಾಡೋದು?"

ಇದೇ ಪ್ರಶ್ನೆ ಒಮ್ಮೆ ಗೋಣಿಕೊಪ್ಪದಿಂದ ಬರುತ್ತದೆ, ಇನ್ನೊಮ್ಮೆ ಶನಿವಾರಸಂತೆಯಿಂದ. ಕೇಳುವವರ ದನಿಯಲ್ಲಿ ಗಾಬರಿ ಇರುತ್ತದೆ. ಫೋನ್ ಇಟ್ಟ ಕೂಡಲೇ ಅವರು ಮಾಡುವ ಕೆಲಸವೂ ಒಂದೇ: ವಾಟ್ಸಾಪ್‌ನಲ್ಲಿ "ಅರ್ಜೆಂಟ್ ರಕ್ತ ಬೇಕು" ಅಂತ ಹಾಕಿಬಿಡುತ್ತಾರೆ. ಅದು ಮಾಡಬೇಕಾದ ಮೊದಲ ಕೆಲಸ ಅಲ್ಲ. ಎಷ್ಟೋ ಸಲ ಕೊನೆಯ ಕೆಲಸವೂ ಅಲ್ಲ. ದಿನ ಗೊತ್ತಾಗಿರುವ ಆಪರೇಷನ್‌ಗೆ ರಕ್ತ ಹೊಂದಿಸುವುದು ಅಂದುಕೊಂಡಷ್ಟು ಕಷ್ಟವಲ್ಲ. ಆದರೆ ಒಂದಾದ ಮೇಲೊಂದು ಕ್ರಮವಾಗಿ ಮಾಡಬೇಕು, ಓಡಾಡುವ ಮೊದಲು ಕೇಳಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಮೊದಲೇ ದಿನ ನಿಗದಿಯಾದ ಆಪರೇಷನ್‌ಗೆ ಬರೆದದ್ದು. ಅಪಘಾತ, ತುರ್ತು ಆಪರೇಷನ್ ಅಂದರೆ ಆಸ್ಪತ್ರೆಯವರು ಹೇಳಿದ್ದನ್ನು ಮಾಡಿ, ಇದನ್ನು ಓದುತ್ತಾ ಕೂರಬೇಡಿ.

ಹಂತ 1: ಯಾರಿಗೂ ಫೋನ್ ಮಾಡುವ ಮೊದಲು ಆಸ್ಪತ್ರೆಯಲ್ಲಿ ಕೇಳಿ

ನಮ್ಮ ಜಿಲ್ಲೆಯ ಮಕ್ಕಳ ದೊಡ್ಡ ಆಪರೇಷನ್‌ಗಳು ಹೆಚ್ಚಾಗಿ ಹೊರಗೇ ಆಗುತ್ತವೆ. ಮೈಸೂರು, ಮಂಗಳೂರು ಅಥವಾ ಬೆಂಗಳೂರು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಅದಕ್ಕಿಂತ ಸ್ವಲ್ಪ ಜಾಸ್ತಿ, ಬೆಂಗಳೂರು 250ಕ್ಕೂ ಮೇಲೆ. ನಮಗೆ ರೈಲೂ ಇಲ್ಲ. ಹಾಗಾಗಿ ಒಂದು ತಪ್ಪು ತಿಳಿವಳಿಕೆಗೆ ಒಂದು ಇಡೀ ದಿನದ ಓಡಾಟ, ಜೀಪಿನ ಬಾಡಿಗೆ, ನಾಲ್ಕು ಜನರ ಕೂಲಿ ಹೋಗುತ್ತದೆ.

ದಿನ ಕೊಟ್ಟ ದಿನವೇ ಡಾಕ್ಟರನ್ನೋ ವಾರ್ಡಿನ ಸಿಸ್ಟರನ್ನೋ ಕೇಳಿ. ಆಮೇಲೆ ಆ ಆಸ್ಪತ್ರೆಯ ಬ್ಲಡ್ ಬ್ಯಾಂಕಿಗೂ ಒಮ್ಮೆ ಹೋಗಿ ಬನ್ನಿ. 2020ರ ನಿಯಮಗಳ ನಂತರ ಅದರ ಅಧಿಕೃತ ಹೆಸರು "ರಕ್ತ ಕೇಂದ್ರ". ಬೋರ್ಡಿನಲ್ಲಿ ಹಾಗೆ ಬರೆದಿದ್ದರೆ ಬೇರೆ ಯಾವುದೋ ಅಂದುಕೊಂಡು ಮುಂದೆ ಹೋಗಬೇಡಿ. ಕೇಳಬೇಕಾದ್ದು ಇಷ್ಟು:

- ರಕ್ತ ಖಂಡಿತ ಬೇಕಾಗುತ್ತದೆಯೋ, ಸುಮ್ನೆ ಮುಂಜಾಗ್ರತೆಗೆ ಇಟ್ಟುಕೊಳ್ಳುವುದೋ?
- ರಕ್ತದ ಯಾವ ಭಾಗ ಬೇಕು, ಎಷ್ಟು ಯೂನಿಟ್?
- ದಾನಿಗಳು ಯಾವ ಊರಲ್ಲಿ, ಯಾವ ರಕ್ತ ಕೇಂದ್ರದಲ್ಲಿ ಕೊಡಬೇಕು? ಮಡಿಕೇರಿಯಲ್ಲಿ ಕೊಟ್ಟರೆ ನಡೆಯುತ್ತದೆಯೇ?
- ಮಗುವಿನ ಗುಂಪಿನವರೇ ಬೇಕೋ, ಯಾವ ಗುಂಪಾದರೂ ಆಗುತ್ತದೋ?
- ಆಪರೇಷನ್‌ಗೆ ಎಷ್ಟು ದಿನ ಮೊದಲು ಕೊಡಬೇಕು?

ಕೊನೆಯ ಮೂರು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ. ನಮ್ಮ ಅಕ್ಕನ ಮಗಳ ಆಪರೇಷನ್‌ಗೆ ನಾಲ್ಕು ಜನ ನೆಂಟರು ಊರಲ್ಲೇ ರಕ್ತ ಕೊಟ್ಟು, ದಾನಿ ಕಾರ್ಡ್ ಹಿಡಿದುಕೊಂಡು ಹೋದೆವು. ಆ ಆಸ್ಪತ್ರೆಯವರು ಬೇರೆ ಕೇಂದ್ರದ ಕಾರ್ಡ್ ನಮಗೆ ಬೇಡ ಅಂದರು. ಆ ನಾಲ್ವರೂ ಇನ್ನು ಮೂರು ತಿಂಗಳು ರಕ್ತ ಕೊಡುವಂತಿಲ್ಲ. ಮತ್ತೆ ಹೊಸ ನಾಲ್ವರನ್ನು ಹುಡುಕಬೇಕಾಯಿತು.

ಇಲ್ಲಿ ಕೆಲವು ಪದ ತಿಳಿದಿದ್ದರೆ ಒಳ್ಳೆಯದು. ಒಬ್ಬ ದಾನಿಯಿಂದ ಒಂದು ಸಲ ತೆಗೆದ ರಕ್ತಕ್ಕೆ ಯೂನಿಟ್ ಅನ್ನುತ್ತಾರೆ. ನಾವು ಇನ್ನೂ ಬಾಟಲ್ ಅನ್ನುತ್ತೇವೆ, ಈಗ ಅದು ಪ್ಲಾಸ್ಟಿಕ್ ಚೀಲ. ಆ ರಕ್ತವನ್ನು ಹಾಗೇ ಏರಿಸುವುದು ಕಡಿಮೆ. ಯಂತ್ರದಲ್ಲಿ ತಿರುಗಿಸಿ ಭಾಗ ಮಾಡುತ್ತಾರೆ. ಕೆಂಪು ಕಣಗಳ ಚೀಲ ಪ್ಯಾಕ್ಡ್ ಸೆಲ್. ಇದು ಫ್ರಿಜ್‌ನಲ್ಲಿ 35ರಿಂದ 42 ದಿನ ಇರುತ್ತದೆ. ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು, ಆಯಸ್ಸು ಬರೀ 5 ದಿನ. ಎಫ್‌ಎಫ್‌ಪಿ ಅಂದರೆ ಮಂಜುಗಡ್ಡೆಯ ಹಾಗೆ ಗಟ್ಟಿ ಮಾಡಿ ಇಟ್ಟ ಪ್ಲಾಸ್ಮಾ, ರಕ್ತದ ಹಳದಿ ನೀರು. ಇದು ಒಂದು ವರ್ಷ ಇರುತ್ತದೆ. ಚೀಟಿಯಲ್ಲಿ "ಎರಡು ಪ್ಯಾಕ್ಡ್ ಸೆಲ್, ಎರಡು ಎಫ್‌ಎಫ್‌ಪಿ" ಅಂತಿದ್ದರೆ ನಾಲ್ಕು ದಾನಿಗಳು ಬೇಕೇ ಬೇಕು ಅಂತ ಅರ್ಥ ಅಲ್ಲ. ಒಬ್ಬರ ರಕ್ತದಿಂದಲೇ ಎರಡೂ ಸಿಗುತ್ತದೆ. ಎಷ್ಟು ಜನ ಬೇಕು ಅಂತ ಬಾಯಿಬಿಟ್ಟು ಕೇಳಿ.

ಮಗು ಚಿಕ್ಕದಾಗಿದ್ದರೆ ಇನ್ನೊಂದು ವಿಷಯ. ಮಕ್ಕಳಿಗೆ ತೂಕದ ಲೆಕ್ಕದಲ್ಲಿ ರಕ್ತ ಕೊಡುತ್ತಾರೆ. ಸಾಮಾನ್ಯವಾಗಿ ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಲೀಟರ್. 10 ಕಿಲೋ ತೂಕದ ಮಗುವಿಗೆ 100ರಿಂದ 150 ಮಿಲಿಲೀಟರ್ ಆಯಿತು. ದೊಡ್ಡವರ ಒಂದು ಚೀಲದಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಒಂದೇ ಯೂನಿಟ್ಟನ್ನು ಸಣ್ಣ ಸಣ್ಣ ಚೀಲಗಳಿಗೆ ಹಂಚಿ ಇಡುವ ವ್ಯವಸ್ಥೆ ಕೆಲವು ಕೇಂದ್ರಗಳಲ್ಲಿದೆ. ಅದಕ್ಕೆ ಪೀಡಿಯಾಟ್ರಿಕ್ ಬ್ಯಾಗ್ ಅನ್ನುತ್ತಾರೆ. ಮತ್ತೆ ರಕ್ತ ಬೇಕಾದರೂ ಅದೇ ದಾನಿಯದ್ದೇ ಸಿಗುತ್ತದೆ. ಹಲವರ ರಕ್ತ ಮಗುವಿನ ಮೈಗೆ ಸೇರುವುದು ತಪ್ಪುತ್ತದೆ. "ಆ ಬ್ಯಾಗ್ ಸಿಗುತ್ತಾ ಮೇಡಂ?" ಅಂತ ಕೇಳುವುದರಲ್ಲಿ ನಷ್ಟವೇನೂ ಇಲ್ಲ.

ಹೃದಯದ ಆಪರೇಷನ್‌ಗೆ ಮತ್ತು ಎಳೆಗೂಸುಗಳಿಗೆ ಕೆಲವೊಮ್ಮೆ "ಫ್ರೆಶ್" ರಕ್ತ ಕೇಳುತ್ತಾರೆ. ಅಂದರೆ ತೆಗೆದು ಹೆಚ್ಚು ದಿನ ಆಗಿರಬಾರದು. ರಕ್ತ ಹಳೆಯದಾದಂತೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿಯಾಗುತ್ತದೆ. ಪುಟ್ಟ ಮಗುವಿಗೆ ಒಮ್ಮೆಲೇ ಅಷ್ಟು ಹೋದರೆ ಹೃದಯದ ಬಡಿತಕ್ಕೆ ತೊಂದರೆ. ನಿಮಗೆ ಹೀಗೆ ಹೇಳಿದ್ದರೆ ದಾನಿಗಳ ದಿನವನ್ನು ಇನ್ನೂ ಹುಷಾರಾಗಿ ಇಟ್ಟುಕೊಳ್ಳಬೇಕು.

ಹಂತ 2: ಮಗುವಿನ ಕಡೆಯ ಕೆಲಸ

ರಕ್ತದ ಗುಂಪು ಕಾರ್ಡಿನಲ್ಲಿದೆ, ಶಾಲೆಯ ಡೈರಿಯಲ್ಲಿದೆ ಅಂತ ನೆಚ್ಚಿಕೊಳ್ಳಬೇಡಿ. ಹುಟ್ಟಿದಾಗ ಬರೆದದ್ದು ತಪ್ಪಿರಬಹುದು. ಆಸ್ಪತ್ರೆಯವರು ಹೇಗೂ ಹೊಸದಾಗಿ ಪರೀಕ್ಷೆ ಮಾಡುತ್ತಾರೆ. ಆ ವರದಿ ಕೈಗೆ ಬಂದ ಮೇಲೆ ದಾನಿಗಳನ್ನು ಹುಡುಕಿ.

ಹೆಸರಿನದು ನಮ್ಮ ಜಿಲ್ಲೆಯ ವಿಶೇಷ ತೊಂದರೆ. ಕೊಡವರಲ್ಲಿ ಮನೆಹೆಸರು ಮೊದಲು, ಮಗುವಿನ ಹೆಸರು ಆಮೇಲೆ. ಆಧಾರ್‌ನಲ್ಲಿ ಅದು ತಿರುಗಿರುತ್ತದೆ, ರೇಷನ್ ಕಾರ್ಡಿನಲ್ಲಿ ಬರೀ ಇನಿಷಿಯಲ್ ಇರುತ್ತದೆ. ತೋಟದ ಲೈನ್ ಮನೆಯಲ್ಲಿರುವ ಕಾರ್ಮಿಕರ ಮಕ್ಕಳಿಗೆ ಮನೆಯಲ್ಲಿ ಕರೆಯುವ ಹೆಸರೊಂದು, ಬರೆದ ಹೆಸರೊಂದು. ರಕ್ತದ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಮಗುವಿನ ರಕ್ತದ ಸ್ಯಾಂಪಲ್, ಬೇಡಿಕೆ ಚೀಟಿ, ಕೈಪಟ್ಟಿ, ಮೂರರಲ್ಲೂ ಹೆಸರು ಮತ್ತು ಆಸ್ಪತ್ರೆ ನಂಬರ್ ಒಂದೇ ಇರಬೇಕು. ಒಂದು ಅಕ್ಷರ ತಪ್ಪಿದರೂ ರಕ್ತ ಕೇಂದ್ರದವರು ಚೀಟಿ ವಾಪಸ್ ಕಳಿಸುತ್ತಾರೆ. ಕಳಿಸುವುದೇ ಸರಿ. ತಪ್ಪು ಗುಂಪಿನ ರಕ್ತ ಏರುವ ಅನಾಹುತಗಳಿಗೆ ಹೆಸರು ಅದಲುಬದಲಾಗುವುದೇ ದೊಡ್ಡ ಕಾರಣ. ದಾಖಲಾಗುವ ದಿನವೇ ಆಧಾರ್‌ನಲ್ಲಿ ಇರುವ ಹಾಗೇ ಬರೆಸಿ.

ಮಗು 4 ತಿಂಗಳೊಳಗಿನದಾದರೆ ಹೊಂದಾಣಿಕೆ ಪರೀಕ್ಷೆಗೆ ತಾಯಿಯ ರಕ್ತದ ಸ್ಯಾಂಪಲ್ಲೂ ಬೇಕಾಗಬಹುದು. ತಾಯಿಯ ಮೈಯ ಪ್ರತಿಕಾಯಗಳು ಆ ವಯಸ್ಸಿನ ಮಗುವಿನ ರಕ್ತದಲ್ಲಿ ಇನ್ನೂ ಇರುತ್ತವೆ. ಹಾಗಾಗಿ ಅಜ್ಜಿ ಜೊತೆ ಮಗುವನ್ನು ಕಳಿಸಿ ತಾಯಿ ಊರಲ್ಲಿ ಉಳಿಯುವುದು ಬೇಡ.

ಇನ್ನೊಂದು ಕೆಲಸ, ಬಹಳ ಜನ ಬಿಟ್ಟುಬಿಡುತ್ತಾರೆ. ಮಗುವಿನ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಕೇಳಿ. ಕಡಿಮೆ ಇದ್ದು, ಆಪರೇಷನ್‌ಗೆ ತಿಂಗಳುಗಟ್ಟಲೆ ಸಮಯ ಇದ್ದರೆ ಡಾಕ್ಟರ್ ಕಬ್ಬಿಣದ ಸಿರಪ್ ಬರೆದುಕೊಡಬಹುದು. ಅದರಿಂದ ರಕ್ತ ಏರಿಸುವ ಅಗತ್ಯವೇ ಕಡಿಮೆಯಾಗುವ ಸಾಧ್ಯತೆ ಇದೆ. ಸಿರಪ್ಪನ್ನು ಹಾಲು, ಟೀ, ಕಾಫಿ ಜೊತೆ ಕೊಡಬೇಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಕಾಫಿ ನಾಡಿನಲ್ಲಿ ಮಕ್ಕಳಿಗೂ ಬೆಳಿಗ್ಗೆ ಅರ್ಧ ಲೋಟ ಕಾಫಿ ಕೊಡುವ ಅಭ್ಯಾಸ ಇದೆ ಅಲ್ವಾ? ಸಿರಪ್ ಕೊಡುವಷ್ಟು ದಿನವಾದರೂ ಅದನ್ನು ನಿಲ್ಲಿಸಿ.

ಮನೆಯಲ್ಲಿ ಯಾರಿಗಾದರೂ ಸಿಕಲ್ ಸೆಲ್ ಅಥವಾ ತಲಸ್ಸೀಮಿಯಾ ಇದ್ದರೆ, ಇದೆ ಅನ್ನುವ ಅನುಮಾನವಿದ್ದರೂ, ಮುಂಚೆಯೇ ಹೇಳಿ. ಎರಡೂ ರಕ್ತದ ಕೆಂಪು ಕಣಕ್ಕೆ ಸಂಬಂಧಿಸಿದ, ಹುಟ್ಟಿನಿಂದ ಬರುವ ಕಾಯಿಲೆಗಳು. ಆದಿವಾಸಿ ಹಾಡಿಗಳ ಕುಟುಂಬಗಳು ಸಿಕಲ್ ಸೆಲ್ ವಿಷಯ ಮರೆಯದೆ ಕೇಳಬೇಕು. ಅಂಥ ಮಗುವಿಗೆ ರಕ್ತ ಆರಿಸುವ ರೀತಿ ಬೇರೆ.

ಹಂತ 3: "ನನ್ನ ರಕ್ತವೇ ಕೊಡ್ತೀನಿ" ಅನ್ನುವ ಮೊದಲು

ಅಪ್ಪನಿಗೆ ಬರುವ ಮೊದಲ ಯೋಚನೆ ಇದೇ. ಸಹಜ. ಹೊರಗಿನವರ ರಕ್ತ ಯಾಕೆ, ಮನೆಯದೇ ಶುದ್ಧ ಅಲ್ವಾ ಅನ್ನುತ್ತಾರೆ. ಆದರೆ ವೈದ್ಯರು ಹೇಳುವುದು ತಿರುಗುಮುರುಗು. ಮಗುವಿಗೆ ಅಪ್ಪ, ಅಮ್ಮ, ಅಣ್ಣ, ಅಕ್ಕನ ರಕ್ತ ನೇರವಾಗಿ ಏರಿಸದೇ ಇರುವುದೇ ಒಳ್ಳೆಯದು.

ಕಾರಣ ಇದು. ಹೊರಗಿನವರ ರಕ್ತದಲ್ಲಿರುವ ಬಿಳಿ ಕಣಗಳನ್ನು ಮಗುವಿನ ಮೈ ಪರಕೀಯ ಅಂತ ಗುರುತಿಸಿ ನಾಶ ಮಾಡುತ್ತದೆ. ಹತ್ತಿರದ ರಕ್ತಸಂಬಂಧಿಗಳ ಬಿಳಿ ಕಣಗಳು ತನ್ನವೇ ಇದ್ದ ಹಾಗೆ ಕಾಣುತ್ತವೆ, ಹಾಗಾಗಿ ಮೈ ಸುಮ್ಮನಿದ್ದುಬಿಡುತ್ತದೆ. ಆದರೆ ಆ ಕಣಗಳು ಸುಮ್ಮನಿರುವುದಿಲ್ಲ. ಒಳಗೆ ಬೆಳೆದು ಮಗುವಿನ ಚರ್ಮ, ಕರುಳು, ಲಿವರ್, ಅಸ್ಥಿಮಜ್ಜೆಯ ಮೇಲೆ ತಿರುಗಿ ಬೀಳುತ್ತವೆ. ಇದು ಬಹಳ ಅಪರೂಪ. ಆದರೆ ಬಂದರೆ ಮಗು ಉಳಿಯುವುದು ತೀರಾ ಕಷ್ಟ. ಸೋದರ ಸಂಬಂಧದಲ್ಲಿ ಮದುವೆಯಾಗುವ ಮನೆಗಳಲ್ಲಿ ಈ ಅಪಾಯ ಇನ್ನೂ ಸ್ವಲ್ಪ ಜಾಸ್ತಿ.

ಇದನ್ನು ತಡೆಯಲು ಇರ‍್ಯಾಡಿಯೇಷನ್ ಅಂತ ಮಾಡುತ್ತಾರೆ. ರಕ್ತದ ಚೀಲಕ್ಕೆ ವಿಕಿರಣ ಹಾಯಿಸಿ ಬಿಳಿ ಕಣಗಳು ಬೆಳೆಯದ ಹಾಗೆ ಮಾಡುವ ವಿಧಾನ. ಆ ಯಂತ್ರ ಎಲ್ಲ ರಕ್ತ ಕೇಂದ್ರಗಳಲ್ಲಿ ಇರುವುದಿಲ್ಲ. ಯಾವುದೋ ಕಾರಣಕ್ಕೆ ಸಂಬಂಧಿಕರ ರಕ್ತವನ್ನೇ ಏರಿಸಬೇಕಾಗಿ ಬಂದರೆ "ಇರ‍್ಯಾಡಿಯೇಟ್ ಮಾಡ್ತೀರಾ?" ಅಂತ ಕೇಳಲೇಬೇಕು. ದಾನಿ ಸಂಬಂಧಿಕರು ಅನ್ನುವುದನ್ನು ರಕ್ತ ಕೇಂದ್ರದಲ್ಲಿ ಮುಚ್ಚಿಡಬೇಡಿ. ತಲಸ್ಸೀಮಿಯಾದಂಥ ಕಾಯಿಲೆ ಇದ್ದು ಮುಂದೆ ಅಸ್ಥಿಮಜ್ಜೆ ಕಸಿ ಆಗಬಹುದಾದ ಮಕ್ಕಳಿಗಂತೂ ಮನೆಯವರ ರಕ್ತ ಬೇಡವೇ ಬೇಡ. ಕಸಿ ಕೂಡಿಕೊಳ್ಳದೆ ಹೋಗಬಹುದು.

ಹಾಗಂತ ಅಪ್ಪ, ಅಣ್ಣ ಸುಮ್ಮನೆ ಕೂರಬೇಕಿಲ್ಲ. ಅವರು ಬದಲಿ ರಕ್ತ ಕೊಡಬಹುದು. ಅಂದರೆ ಮಗುವಿಗೆ ರಕ್ತ ಕೇಂದ್ರದ ದಾಸ್ತಾನಿನಿಂದ ಬೇರೆ ಯಾರದ್ದೋ ರಕ್ತ ಬರುತ್ತದೆ. ಅದರ ಜಾಗ ತುಂಬಲು ನೀವು ಕೊಟ್ಟ ರಕ್ತ ಇನ್ನೊಬ್ಬ ರೋಗಿಗೆ ಹೋಗುತ್ತದೆ. ಇದಕ್ಕೆ ಗುಂಪು ಹೊಂದಬೇಕು ಅಂತಿಲ್ಲ. ಅರ್ಧ ಜನರ ಗಾಬರಿ ಇಲ್ಲೇ ಇಳಿಯಬೇಕು: ಮಗುವಿನದು ಬಿ ನೆಗೆಟಿವ್ ಆಗಿದ್ದರೂ, ಅದು ದಾಸ್ತಾನಿನಲ್ಲಿದ್ದರೆ, ಬದಲಿಗೆ ನಿಮ್ಮ ಓ ಪಾಸಿಟಿವ್ ಸಾಕಾಗಬಹುದು.

ಅಮ್ಮಂದಿರಿಗೆ ಮಾತ್ರ ಒಂದು ಮಾತು. ಎದೆಹಾಲು ಕುಡಿಸುತ್ತಿದ್ದರೆ, ಹೆರಿಗೆಯಾಗಿ ಒಂದು ವರ್ಷ ತುಂಬದಿದ್ದರೆ ನೀವು ರಕ್ತ ಕೊಡುವಂತಿಲ್ಲ. ಅದಕ್ಕೆ ಬೇಜಾರು ಬೇಡ. ಆಸ್ಪತ್ರೆಯಲ್ಲಿ ಮಗುವಿಗೆ ನೀವು ಬೇಕು.

ಹಂತ 4: ದಾನಿಗಳ ಪಟ್ಟಿ

ನಾಲ್ಕು ಜನ ಬೇಕು ಅಂದರೆ ಎಂಟು ಜನರ ಹೆಸರು ಬರೆದುಕೊಳ್ಳಿ. ಕೆಲವರು ಹೇಗೂ ಬಾಗಿಲಲ್ಲೇ ವಾಪಸ್ ಬರುತ್ತಾರೆ. ಜೀಪು ಹತ್ತಿಸುವ ಮೊದಲೇ ನೀವೇ ಫೋನಿನಲ್ಲಿ ಒಮ್ಮೆ ಜರಡಿ ಹಿಡಿಯಿರಿ:

ವಯಸ್ಸು 18ರಿಂದ 65. ಮೊದಲ ಸಲ ಕೊಡುವವರಾದರೆ 60 ದಾಟಿರಬಾರದು. ತೂಕ ಕನಿಷ್ಠ 45 ಕಿಲೋ. 350 ಮಿಲಿಲೀಟರ್ ತೆಗೆಯುತ್ತಾರೆ. 55 ಕಿಲೋಗಿಂತ ಜಾಸ್ತಿ ಇದ್ದರೆ 450 ತೆಗೆಯಬಹುದು. ಹಿಮೋಗ್ಲೋಬಿನ್ 12.5 ಇರಲೇಬೇಕು, ಗಂಡಸರಿಗೂ ಹೆಂಗಸರಿಗೂ ಅದೇ. ಹೆಚ್ಚು ಹೆಂಗಸರು ಇಲ್ಲೇ ವಾಪಸಾಗುವುದು. ಹಿಂದೆ ರಕ್ತ ಕೊಟ್ಟಿದ್ದರೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು.

ಡೆಂಗಿ ಬಂದು ವಾಸಿಯಾಗಿ 6 ತಿಂಗಳು, ಮಲೇರಿಯಾಕ್ಕೆ 3 ತಿಂಗಳು. ಮಳೆಗಾಲ ಮುಗಿದ ಮೇಲೆ ಇದನ್ನು ಕೇಳಲು ಮರೆಯಬೇಡಿ. "ಬರೀ ಜ್ವರ ಬಂದಿತ್ತು" ಅನ್ನುವವರಿಗೆ ಯಾವ ಜ್ವರ ಅಂತ ಇನ್ನೊಮ್ಮೆ ಕೇಳಿ. ಹಚ್ಚೆ ಹಾಕಿಸಿಕೊಂಡಿದ್ದರೆ ಒಂದು ವರ್ಷ. ಆ್ಯಂಟಿಬಯಾಟಿಕ್ ಮಾತ್ರೆ ಮುಗಿದು ಎರಡು ವಾರ. ದೊಡ್ಡ ಆಪರೇಷನ್ ಆಗಿ ಒಂದು ವರ್ಷ. ಬಿಪಿಗೆ, ಶುಗರ್‌ಗೆ ಮಾತ್ರೆ ತಗೊಳ್ಳುವವರೆಲ್ಲ ಆಗುವುದೇ ಇಲ್ಲ ಅಂತಲ್ಲ, ರಕ್ತ ಕೇಂದ್ರಕ್ಕೆ ಫೋನ್ ಮಾಡಿ ಕೇಳಿ. ಇನ್ಸುಲಿನ್ ತಗೊಳ್ಳುವವರು ಬೇಡ. ಹಿಂದಿನ ದಿನ ಕುಡಿದವರೂ ಬೇಡ.

ಜನ ಎಲ್ಲಿ ಸಿಗುತ್ತಾರೆ? ನಮ್ಮಲ್ಲಿ ಒಕ್ಕ (ಕೊಡವರ ಮನೆತನ), ಊರು, ಸಂಘ ಅಂತ ಒಟ್ಟು ಸೇರುವ ಜನ ಇದ್ದೇ ಇದ್ದಾರೆ. ಕಾಲೇಜಿನ ಎನ್‌ಸಿಸಿ, ಎನ್‌ಎಸ್‌ಎಸ್ ಹುಡುಗರು, ಯುವಕ ಸಂಘ, ಜೀಪ್ ಸ್ಟ್ಯಾಂಡಿನ ಡ್ರೈವರ್‌ಗಳು, ಸೇನೆಯಿಂದ ಬಂದವರು. ಮಾಜಿ ಸೈನಿಕರನ್ನು ಮೊದಲು ಕೇಳಿ. ತಮ್ಮ ಗುಂಪು ಅವರಿಗೆ ಬಾಯಿಪಾಠ, ಹೇಳಿದ ಹೊತ್ತಿಗೆ ಗೇಟಿನ ಹತ್ತಿರ ನಿಂತಿರುತ್ತಾರೆ. ಆಪರೇಷನ್ ಆಗುವ ಊರಲ್ಲೇ ಕೆಲಸ ಮಾಡುವ, ಓದುವ ನಮ್ಮ ಕಡೆಯವರು ಇನ್ನೂ ಅನುಕೂಲ. ಬೆಂಗಳೂರಿಗೆ ಇಲ್ಲಿಂದ ನಾಲ್ವರನ್ನು ಕರೆದೊಯ್ಯುವ ಬದಲು ಅಲ್ಲಿರುವ ಸೋದರಳಿಯನ ಆಫೀಸಿನ ಗೆಳೆಯರನ್ನು ಕೇಳಿ.

ಕಾಲವನ್ನೂ ನೋಡಿಕೊಳ್ಳಿ. ಡಿಸೆಂಬರ್, ಜನವರಿ ಕಾಫಿ ಕುಯ್ಲು. ತೋಟದ ಮಾಲೀಕರಿಗೂ ಬಿಡುವಿಲ್ಲ, ಕೆಲಸದವರಿಗೂ ಒಂದು ದಿನದ ಕೂಲಿ ಹೋಗುತ್ತದೆ. ಪುತ್ತರಿ, ಕೈಲ್ ಮುಹೂರ್ತ ಹಬ್ಬಗಳ ಮರುದಿನ ದಾನಿಗಳನ್ನು ಕರೆದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ಶಿಬಿರಗಳು ಕಡಿಮೆ, ರಕ್ತ ಕೇಂದ್ರಗಳ ದಾಸ್ತಾನೂ ಕಡಿಮೆ.

ಯಾರಾದರೂ "ನನಗೆ ಆಗಲ್ಲ" ಅಂದರೆ ಅಲ್ಲಿಗೆ ಬಿಡಿ. ಯಾಕೆ ಅಂತ ಕೇಳಬೇಡಿ. ಹೇಳಿಕೊಳ್ಳಲಾಗದ ಕಾಯಿಲೆ ಇರಬಹುದು, ಔಷಧಿ ಇರಬಹುದು. ನೆಂಟರ ಎದುರು ಒತ್ತಾಯ ಮಾಡಿದರೆ ಅವರು ಫಾರಂನಲ್ಲಿ ಸುಳ್ಳು ಬರೆಯುತ್ತಾರೆ. ಆ ರಕ್ತ ಯಾವುದೋ ಮಗುವಿಗೆ ಹೋಗುತ್ತದೆ. ರಕ್ತ ಕೇಂದ್ರದವರು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಮಾಡಿಯೇ ಮಾಡುತ್ತಾರೆ. ಆದರೆ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೆ ಸಿಗದೇ ಇರಬಹುದು. ದಾನಿಯ ನಿಜವಾದ ಮಾತೇ ಮೊದಲ ಪರೀಕ್ಷೆ.

*ಗುಂಪು ಹೊಂದಲೇಬೇಕು ಅಂದಿದ್ದರೆ:* ಕೆಂಪು ಕಣಕ್ಕೆ ಓ ಗುಂಪಿನ ಮಗುವಿಗೆ ಓ ಮಾತ್ರ. ಎ ಗುಂಪಿಗೆ ಎ ಅಥವಾ ಓ. ಬಿ ಗುಂಪಿಗೆ ಬಿ ಅಥವಾ ಓ. ಎಬಿಗೆ ಯಾವುದಾದರೂ. ಪ್ಲಾಸ್ಮಾಕ್ಕೆ ಈ ಲೆಕ್ಕ ತಲೆಕೆಳಗಾಗುತ್ತದೆ, ಅದನ್ನು ಅವರಿಗೇ ಬಿಡಿ. ನೆಗೆಟಿವ್ ಮಗುವಿಗೆ ನೆಗೆಟಿವ್ ರಕ್ತವೇ ಬೇಕು. ಹೆಣ್ಣುಮಗುವಾದರೆ ಇದು ಇನ್ನೂ ಮುಖ್ಯ. ಈಗ ಪಾಸಿಟಿವ್ ರಕ್ತ ಹೋದರೆ ಮುಂದೆ ಅವಳು ಬಸುರಿಯಾದಾಗ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾಗಬಹುದು. ನಮ್ಮ ದೇಶದಲ್ಲಿ ನೆಗೆಟಿವ್ ಗುಂಪಿನವರು ಸುಮಾರಾಗಿ ಇಪ್ಪತ್ತು ಜನರಲ್ಲಿ ಒಬ್ಬರು. ಹಾಗಾಗಿ ನಿಮ್ಮದು ನೆಗೆಟಿವ್ ಆಗಿದ್ದರೆ ಒಂದು ತಿಂಗಳು ಮೊದಲೇ ರಕ್ತ ಕೇಂದ್ರಕ್ಕೆ ಹೇಳಿಡಿ. ಅವರ ಬಳಿ ಆ ಗುಂಪಿನ ದಾನಿಗಳ ಪಟ್ಟಿ ಇರುತ್ತದೆ, ನಿಮ್ಮ ವಾಟ್ಸಾಪ್‌ಗಿಂತ ಅದು ಮೇಲು. ಕೇಂದ್ರ ಸರ್ಕಾರದ ಇ-ರಕ್ತಕೋಶ್ ಜಾಲತಾಣದಲ್ಲಿ ಯಾವ ಕೇಂದ್ರದಲ್ಲಿ ಯಾವ ಗುಂಪು ಎಷ್ಟಿದೆ ಅಂತ ನೋಡಬಹುದು. ನೋಡಿ, ಆದರೆ ಹೊರಡುವ ಮೊದಲು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ.

ಹಂತ 5: ದಿನದ ಲೆಕ್ಕ

ಇಲ್ಲಿ ಎರಡು ಕಡೆಯಿಂದಲೂ ಎಡವುತ್ತಾರೆ.

ತಡ ಮಾಡುವವರು ಆಪರೇಷನ್ ದಿನ ಬೆಳಿಗ್ಗೆ ದಾನಿಗಳನ್ನು ಕರೆದುಕೊಂಡು ಬರುತ್ತಾರೆ. ತೆಗೆದ ರಕ್ತವನ್ನು ಪರೀಕ್ಷೆ ಮಾಡಬೇಕು, ಭಾಗ ಮಾಡಬೇಕು. ಅದು ಆ ಕ್ಷಣಕ್ಕೆ ಸಿಗುವುದಿಲ್ಲ. ಕಡಿಮೆ ಅಂದರೂ ಎರಡು ಮೂರು ದಿನ ಮೊದಲು ಕೊಟ್ಟಿರಬೇಕು. ನಡುವೆ ಭಾನುವಾರ, ಹಬ್ಬ ಬಂದರೆ ಅದನ್ನೂ ಸೇರಿಸಿಕೊಳ್ಳಿ.

ಅವಸರ ಮಾಡುವವರು ಎಲ್ಲ ದಾನಿಗಳನ್ನೂ ಒಂದೇ ದಿನ ಮುಗಿಸಿಬಿಡುತ್ತಾರೆ. ಆಮೇಲೆ ಮಗುವಿಗೆ ಶೀತ, ಕೆಮ್ಮು. ಅರಿವಳಿಕೆ ಡಾಕ್ಟರ್ "ಈಗ ಬೇಡ, ಮೂರು ವಾರ ಬಿಟ್ಟು ಬನ್ನಿ" ಅನ್ನುತ್ತಾರೆ. ಮಕ್ಕಳ ಆಪರೇಷನ್ ಮುಂದೂಡುವುದು ಬಹಳ ಸಾಮಾನ್ಯ, ನಮ್ಮ ಚಳಿ ಮಳೆಯಲ್ಲಿ ಕೇಳುವುದೇ ಬೇಡ. ನೀವು ಕೊಟ್ಟ ರಕ್ತ ಹಾಳಾಗುವುದಿಲ್ಲ, ಬೇರೆಯವರಿಗೆ ಹೋಗುತ್ತದೆ. ಆದರೆ ನಿಮ್ಮ ದಾನಿಗಳು ಮುಂದಿನ 90 ದಿನ ಸಿಗುವುದಿಲ್ಲ. ಅದಕ್ಕೇ ಎಂಟು ಜನರಲ್ಲಿ ನಾಲ್ವರನ್ನು ಕಾದಿಡಿ. ದಾನ ಮಾಡಿದ ದಿನವೇ "ಆಪರೇಷನ್ ಮುಂದೆ ಹೋದರೆ ಈ ಲೆಕ್ಕ ಉಳಿಯುತ್ತದೆಯೇ?" ಅಂತ ಕೇಳಿ ರಸೀದಿಯ ಹಿಂದೆ ಬರೆಸಿಕೊಳ್ಳಿ.

ಕ್ರಾಸ್‌ಮ್ಯಾಚ್ ಬೇರೆಯದೇ ಕೆಲಸ. ಮಗುವಿನ ರಕ್ತದ ಸ್ಯಾಂಪಲ್ಲನ್ನೂ ಏರಿಸಲಿರುವ ಚೀಲದ ರಕ್ತವನ್ನೂ ಬೆರೆಸಿ, ಒಂದಕ್ಕೊಂದು ಆಗುತ್ತದೆಯೇ ಅಂತ ನೋಡುವ ಪರೀಕ್ಷೆ. ಇದಕ್ಕೆ ತೆಗೆದ ಸ್ಯಾಂಪಲ್ ಸಾಮಾನ್ಯವಾಗಿ ಮೂರು ದಿನ ಮಾತ್ರ ನಡೆಯುತ್ತದೆ. ಆಪರೇಷನ್ ಮುಂದೂಡಿದರೆ ಮತ್ತೆ ಸ್ಯಾಂಪಲ್ ಕೊಡಬೇಕು. "ಮೊನ್ನೆಯೇ ತೆಗೆದ್ರಲ್ಲ" ಅಂತ ಸಿಸ್ಟರ್ ಹತ್ತಿರ ಜಗಳಕ್ಕೆ ಹೋಗಬೇಡಿ.

ಜೂನ್‌ನಿಂದ ಸೆಪ್ಟೆಂಬರ್ ನಡುವೆ ದಿನ ಸಿಕ್ಕಿದ್ದರೆ ರಸ್ತೆಯನ್ನು ನಂಬಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಹೇಗಾಗಿತ್ತು ಅಂತ ನಮಗೆಲ್ಲ ನೆನಪಿದೆ. ಮಂಗಳೂರಿಗೆ ಹೋಗುವವರು ಮಗು ಮತ್ತು ದಾನಿಗಳು ಒಂದು ದಿನ ಮೊದಲೇ ಘಾಟಿ ಇಳಿದಿರುವ ಹಾಗೆ ನೋಡಿಕೊಳ್ಳಿ. ಕುಟ್ಟದ ಕಡೆಯವರು ನಾಗರಹೊಳೆ ಕಾಡಿನ ರಸ್ತೆ ಸಂಜೆ 6ಕ್ಕೆ ಮುಚ್ಚುವುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ರಕ್ತ ಕೊಟ್ಟು ಸುಸ್ತಾದವರನ್ನು ಗೇಟಿನಲ್ಲಿ ಕಾಯಿಸಬಾರದು. ಮಳೆಗೆ ಕರೆಂಟ್, ನೆಟ್‌ವರ್ಕ್ ಎರಡೂ ಹೋಗುತ್ತವೆ. ದಾನಿಗಳ ನಂಬರ್ ಕಾಗದದಲ್ಲಿ ಬರೆದಿಡಿ.

ಹಂತ 6: ರಕ್ತ ಕೊಡುವ ದಿನ

ಇದು ಸುಲಭದ ಭಾಗ. ಫಾರಂ, ಬಿಪಿ, ಬೆರಳ ತುದಿಯ ರಕ್ತ ಪರೀಕ್ಷೆ ಎಲ್ಲ ಸೇರಿ ಮುಕ್ಕಾಲು ಗಂಟೆ. ಸೂಜಿ ಚುಚ್ಚಿ ರಕ್ತ ತೆಗೆಯುವುದು ಹತ್ತು ನಿಮಿಷದೊಳಗೆ. ಖಾಲಿ ಹೊಟ್ಟೆಯಲ್ಲಿ ಬರಬಾರದು, ರಾತ್ರಿ ನಿದ್ದೆ ಆಗಿರಬೇಕು, ನೀರು ಚೆನ್ನಾಗಿ ಕುಡಿದಿರಬೇಕು. ಬೆಳಗಿನ ಜಾವ ನಾಲ್ಕಕ್ಕೆ ಹೊರಟು, ದಾರಿಯಲ್ಲಿ ಬರೀ ಕಾಫಿ ಕುಡಿದು ಬಂದವರು ತಲೆಸುತ್ತಿ ಬೀಳುತ್ತಾರೆ. ಹುಣಸೂರಿನಲ್ಲೋ ಸುಳ್ಯದಲ್ಲೋ ಗಾಡಿ ನಿಲ್ಲಿಸಿ ಇಡ್ಲಿ ತಿನ್ನಿಸಿ. ಎಲ್ಲರೂ ಆಧಾರ್ ತರಲಿ. ಮಗುವಿನ ಹೆಸರು, ಆಸ್ಪತ್ರೆ ನಂಬರ್, ವಾರ್ಡ್ ಬರೆದ ಚೀಟಿ ಪ್ರತಿಯೊಬ್ಬರ ಕೈಯಲ್ಲೂ ಇರಲಿ.

ಕೊಟ್ಟ ಮೇಲೆ ಹದಿನೈದು ನಿಮಿಷ ಕೂರಲೇಬೇಕು. ಗಾಡಿ ಓಡಿಸುವವರು ಆ ದಿನ ರಕ್ತ ಕೊಡಬಾರದು, ತಿರುವುಗಳ ರಸ್ತೆಯಲ್ಲಿ ವಾಪಸ್ ಬರಬೇಕಲ್ಲ. ತೋಟದ ಕೆಲಸದವರು ಅವತ್ತು, ಮರುದಿನ ಏಣಿ ಹತ್ತುವುದು, ಮರ ಕಪಾತು ಮಾಡುವುದು, ಮೂಟೆ ಹೊರುವುದು ಬೇಡ. ಇದನ್ನು ನೀವೇ ಅವರ ತೋಟದ ರೈಟರ್‌ಗೆ (ಕೆಲಸ, ಲೆಕ್ಕ ನೋಡಿಕೊಳ್ಳುವವರಿಗೆ) ಫೋನ್ ಮಾಡಿ ಹೇಳಿ. ಕೆಲಸಗಾರ ತಾನಾಗಿ ಹೇಳಿಕೊಳ್ಳುವುದಿಲ್ಲ.

ಎಸ್‌ಡಿಪಿ ಕೇಳಿದ್ದರೆ ಮಾತ್ರ ಸಮಯ ಜಾಸ್ತಿ. ಅದು ಯಂತ್ರದ ಮೂಲಕ ಒಬ್ಬರಿಂದಲೇ ಬರೀ ಪ್ಲೇಟ್‌ಲೆಟ್ ತೆಗೆದುಕೊಂಡು ಉಳಿದ ರಕ್ತವನ್ನು ವಾಪಸ್ ಅವರಿಗೇ ಬಿಡುವ ವಿಧಾನ. ಒಂದೂವರೆ ಗಂಟೆಯಾದರೂ ಬೇಕು. ಕೈಯ ನರ ದಪ್ಪ ಇರಬೇಕು, ಮೂರು ದಿನದಿಂದ ಆಸ್ಪಿರಿನ್ ತಿಂದಿರಬಾರದು.

ಹಂತ 7: ದುಡ್ಡು ಮತ್ತು ದಲ್ಲಾಳಿಗಳು

ರಕ್ತವನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ದುಡ್ಡಿಗೆ ರಕ್ತ ಕೊಡುವವರನ್ನು ಸುಪ್ರೀಂ ಕೋರ್ಟ್ 1996ರ ತೀರ್ಪಿನಲ್ಲಿ ನಿಷೇಧಿಸಿತು. ರಕ್ತ ಕೇಂದ್ರ ತೆಗೆದುಕೊಳ್ಳುವುದು ಪರೀಕ್ಷೆ, ಸಂಗ್ರಹದ ಖರ್ಚು ಮಾತ್ರ. ಅದಕ್ಕೂ ಮಿತಿ ಇದೆ: ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಖಾಸಗಿಯಲ್ಲಿ ಒಂದು ಯೂನಿಟ್ ಕೆಂಪು ಕಣಕ್ಕೆ 1,550 ರೂಪಾಯಿವರೆಗೆ, ಪ್ಲಾಸ್ಮಾ, ಸಾಮಾನ್ಯ ಪ್ಲೇಟ್‌ಲೆಟ್‌ಗೆ (ಎಸ್‌ಡಿಪಿಗೆ ಅಲ್ಲ) ಅದಕ್ಕಿಂತ ಬಹಳ ಕಡಿಮೆ. ವಿಶೇಷ ಪರೀಕ್ಷೆ ಮಾಡಿದರೆ ಅದರ ಶುಲ್ಕ ಬೇರೆ. ಬಿಲ್ ಕೇಳಿ ಪಡೆಯಿರಿ. ತಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಇರುವವರಿಗೆ ಶುಲ್ಕ ಇಲ್ಲ. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಮಗುವನ್ನು ದಾಖಲಿಸಿದ್ದರೆ, ರಕ್ತದ ಖರ್ಚು ಪ್ಯಾಕೇಜಿನಲ್ಲೇ ಸೇರಿದೆಯೇ ಅಂತ ಯೋಜನೆಯ ಕೌಂಟರಿನಲ್ಲಿ ಕೇಳಿ.

ಆಸ್ಪತ್ರೆ ಗೇಟಿನ ಹತ್ತಿರ "ಡೋನರ್ ಬೇಕಾ ಅಣ್ಣ?" ಅಂತ ಬರುವವರಿಂದ ದೂರ ಇರಿ. ದುಡ್ಡಿಗಾಗಿ ಪದೇ ಪದೇ ಕೊಡುವವರ ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ ಇರಬಹುದು, ಕಾಯಿಲೆ ಮುಚ್ಚಿಡುವ ಸಾಧ್ಯತೆಯೂ ಜಾಸ್ತಿ. ಫೋನಿನಲ್ಲಿ "ನಾನು ನೆಗೆಟಿವ್ ದಾನಿ, ಬಸ್ ಚಾರ್ಜಿಗೆ ಮೊದಲು ಫೋನ್‌ಪೇ ಮಾಡಿ" ಅನ್ನುವವರು ಬರುವುದಿಲ್ಲ. ವಾಟ್ಸಾಪ್‌ನಲ್ಲಿ ಹಾಕಲೇಬೇಕಾದರೆ ಗುಂಪು, ಎಷ್ಟು ಯೂನಿಟ್, ರಕ್ತ ಕೇಂದ್ರದ ಹೆಸರು, ಯಾವ ದಿನಾಂಕದೊಳಗೆ ಅನ್ನುವುದನ್ನು ಬರೆಯಿರಿ. ಮಗುವಿನ ಫೋಟೋ, ಕಾಯಿಲೆಯ ವರದಿ ಬೇಡ. ರಕ್ತ ಸಿಕ್ಕ ಕೂಡಲೇ "ಸಿಕ್ಕಿತು" ಅಂತ ಅದೇ ಗುಂಪಿನಲ್ಲಿ ಹಾಕಿ. ದಿನಾಂಕ ಇಲ್ಲದ ಮೆಸೇಜು ಎರಡು ವರ್ಷವಾದರೂ ಸುತ್ತುತ್ತಾ ಇರುತ್ತದೆ.

ಹಂತ 8: ಆಪರೇಷನ್ ದಿನ, ಮತ್ತು ಆಮೇಲೆ

ಕೆಂಪು ಕಣಗಳ ಚೀಲ ತರಲು ನಿಮ್ಮನ್ನೇ ಕಳಿಸಿದರೆ ಐಸ್ ಇಟ್ಟ ಡಬ್ಬಿ ಕೇಳಿ. ಮೊದಲೇ ತಂದು ರೂಮಿನಲ್ಲಿ ಇಟ್ಟುಕೊಳ್ಳಬೇಡಿ. ಅರ್ಧ ಗಂಟೆಗಿಂತ ಜಾಸ್ತಿ ಹೊರಗಿದ್ದ ಚೀಲವನ್ನು ರಕ್ತ ಕೇಂದ್ರ ವಾಪಸ್ ತೆಗೆದುಕೊಳ್ಳುವುದಿಲ್ಲ. ತಣ್ಣಗಿದೆ ಅಂತ ಬಿಸಿನೀರಿನಲ್ಲಿ ಇಡುವುದು, ಕಂಕುಳಲ್ಲಿ ಹಿಡಿಯುವುದು ಅಪಾಯ, ಕಣಗಳು ಒಡೆದುಹೋಗುತ್ತವೆ.

ವಾರ್ಡಿನಲ್ಲಿ ರಕ್ತ ಏರಿಸುವಾಗ ಚೀಲದ ಮೇಲಿನ ಹೆಸರು, ನಂಬರ್, ಗುಂಪನ್ನು ಸಿಸ್ಟರ್ ಜೊತೆ ನೀವೂ ಓದಿ. ಮೊದಲ ಹದಿನೈದು ನಿಮಿಷ ಮಗುವಿನ ಪಕ್ಕದಿಂದ ಏಳಬೇಡಿ. ಚಳಿ, ನಡುಕ, ಜ್ವರ, ಮೈಮೇಲೆ ದದ್ದು, ಏದುಸಿರು, ಸೊಂಟ ನೋವು, ಇದ್ದಕ್ಕಿದ್ದಂತೆ ರಚ್ಚೆ ಹಿಡಿಯುವುದು, ಯಾವುದು ಕಂಡರೂ ಕೂಡಲೇ ಕೂಗಿ. ಒಂದು ಚೀಲ ನಾಲ್ಕು ಗಂಟೆಯೊಳಗೆ ಮುಗಿಯಬೇಕು.

ರಕ್ತ ಬಳಕೆಯೇ ಆಗದೆ ಆಪರೇಷನ್ ಮುಗಿದರೆ ಅದು ಒಳ್ಳೆಯ ಸುದ್ದಿ, ನಿಮ್ಮ ಓಡಾಟ ದಂಡ ಅಲ್ಲ. ದಾನಿಗಳಿಗೂ ಹಾಗೇ ಹೇಳಿ.

ಮನೆಗೆ ಬಂದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ದಿನ, ರಕ್ತದ ಯಾವ ಭಾಗ, ಎಷ್ಟು ಏರಿಸಿದರು ಅಂತ ಬರೆದಿದೆಯೇ ನೋಡಿ, ಇಲ್ಲದಿದ್ದರೆ ಬರೆಸಿ. 9 ತಿಂಗಳಿಗೆ ಮತ್ತು ಒಂದೂವರೆ ವರ್ಷದ ಹೊತ್ತಿಗೆ ಹಾಕುವ ದಡಾರ-ರುಬೆಲ್ಲಾ ಲಸಿಕೆ ರಕ್ತ ಏರಿಸಿದ ಕೆಲವು ತಿಂಗಳು ಸರಿಯಾಗಿ ಹಿಡಿಯುವುದಿಲ್ಲ. ದಾನಿಯ ಪ್ರತಿಕಾಯಗಳು ಮಗುವಿನ ಮೈಯಲ್ಲಿ ಇನ್ನೂ ಇರುತ್ತವೆ. ಕೆಂಪು ಕಣ ಕೊಟ್ಟಿದ್ದರೆ ಸಾಮಾನ್ಯವಾಗಿ ಆರು ತಿಂಗಳು ಕಾಯಲು ಹೇಳುತ್ತಾರೆ. ಪೋಲಿಯೋ ಹನಿಗೆ ಇದರ ತೊಡಕಿಲ್ಲ. ನಿಮ್ಮ ಮಗುವಿಗೆ ಯಾವಾಗ ಅಂತ ಡಾಕ್ಟರ್ ಹತ್ತಿರ ಕೇಳಿ, ಆ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ನಿಮ್ಮ ಆಶಾ ಕಾರ್ಯಕರ್ತೆಗೆ ತೋರಿಸಿ.